ಅವನು ಬಿಗಿದ ನಟ್ಟು

"ಗಂಟು ಬಿಚ್ಚಿದರೆ ಅವರ ಕೈಯ ಗುರುತೇ ಹೋಗುವುದಿಲ್ಲವೇ, ಬುದ್ಧೀ?" ಎಂದು ಶಿಷ್ಯ ಮಹಾಲಿಂಗ ಕೇಳಿದ. ಹಿಂದಿನ ಗುರುಗಳು ಮಠದ ಓಲೆಗರಿಗಳನ್ನು ಕೆಂಪು ವಸ್ತ್ರದಲ್ಲಿ ತಮ್ಮ ಕೈಯಾರೆ ಕಟ್ಟಿಟ್ಟು ಲಿಂಗೈಕ್ಯರಾಗಿದ್ದರು. ನಾಲ್ಕು ವರ್ಷದಿಂದ ಮಹಾಲಿಂಗ ಆ ಗಂಟನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ.

ಅದನ್ನು ಬಿಚ್ಚೆಂದಿದ್ದ ಈಗಿನ ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಹೆಂಗಸು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಬಚ್ಚಲಿನ ಗೀಸರನ್ನು ಕೂರಿಸಿದವನು ಅವನು, ಅದರ ನಟ್ಟನ್ನು ಕಡೆಯ ಸಲ ಬಿಗಿದವನೂ ಅವನೇ. ಅವನ ಕೈ ಬಿಟ್ಟುಹೋದಂತೆಯೇ ಉಳಿದದ್ದು ಆ ಮನೆಯಲ್ಲಿ ಅದೊಂದೇ. ಅವಳು ದಿನಾ ಗೀಸರಿನ ಮೈ ಒರೆಸುವಳು. ಆಯುಧಪೂಜೆಗೆ ನಟ್ಟಿಗೂ ಕುಂಕುಮ ಇಡುವಳು. ನಗಬೇಡ, ಪ್ರೀತಿಗೆ ಇಂಥದೇ ಜಾಗ ಬೇಕೆಂದಿಲ್ಲ. ರಿಪೇರಿಯವನನ್ನು ಮಾತ್ರ ಹತ್ತಿರ ಸೇರಿಸಳು.

ಒಂದು ದಿನ ಬಿಸಿನೀರು ಕೆಂಪಗೆ ಬಂತು. ಅವಳು ನಲ್ಲಿಯನ್ನು ಬೈದಳು, ಅದರ ಬಾಯಿಗೆ ಬಟ್ಟೆ ಕಟ್ಟಿದಳು. ಕೊನೆಗೆ ಸೋತು ರಿಪೇರಿಯವನನ್ನು ಕರೆಸಿದಳು. ಅವನು ಬಿಳಿ ಮಗ್ಗಿಗೆ ತಣ್ಣೀರು ಹಿಡಿದ, ತಿಳಿಯಾಗಿತ್ತು. ಬಿಸಿನೀರು ಹಿಡಿದ, ಕೆಂಪಗಿತ್ತು. ಪೈಪಿನ ತಪ್ಪಲ್ಲ, ತುಕ್ಕು ಟ್ಯಾಂಕಿನ ಒಳಗೇ ಇದೆ, ನಟ್ಟು ಬಿಚ್ಚಬೇಕು ಎಂದ. ಅವಳು ಬಹಳ ಹೊತ್ತು ಅಡ್ಡ ನಿಂತು, ಆಮೇಲೆ ಮುಖ ತಿರುಗಿಸಿಕೊಂಡು ಸರಿದಳು.

ಒಳಗಿನಿಂದ ಬಂದದ್ದು ಸವೆದ ಒಂದು ತಂತಿ.

"ಈ ತಂತಿ ಮೊದಲು ದಪ್ಪ ರಾಡ್ ಆಗಿತ್ತಮ್ಮ, ನಟ್ಟಿನ ಜೊತೆಗೇ ಇರುತ್ತೆ. ತುಕ್ಕು ಮೊದಲು ಅದನ್ನ ತಿನ್ನುತ್ತೆ. ಅದು ಮುಗಿಯೋವರೆಗೂ ಟ್ಯಾಂಕಿನ ತಂಟೆಗೆ ಹೋಗಲ್ಲ. ಎರಡು ವರ್ಷಕ್ಕೊಂದ್ಸಲ ಬಿಚ್ಚಿ ಹೊಸದು ಹಾಕ್ಬೇಕು. ಈಗ ಟ್ಯಾಂಕೇ ತೂತು ಬಿದ್ದಿದೆ, ಉಳಿಯಲ್ಲ."

"ಇದನ್ನ ಅವರೇ ಬಿಗಿದಿದ್ದು," ಎಂದಳು. "ಅದಕ್ಕೇ ಯಾರಿಗೂ ಮುಟ್ಟೋಕೆ ಬಿಡಲಿಲ್ಲ."

ರಿಪೇರಿಯವನು ನಟ್ಟನ್ನು ಒರೆಸಿ ಅವಳ ಅಂಗೈಯಲ್ಲಿಟ್ಟ. ಸ್ಪ್ಯಾನರ್ ಹಾಕಿ ಹಾಕಿ ಅದರ ಮೂಲೆಗಳು ದುಂಡಗಾಗಿದ್ದವು. ಒಂದು ಸಲ ಬಿಗಿದದ್ದಕ್ಕೆ ನಟ್ಟು ಹಾಗೆ ಸವೆಯುವುದಿಲ್ಲ. ಗಂಡ ಯಾವುದೋ ಭಾನುವಾರಗಳಲ್ಲಿ ಬಚ್ಚಲಲ್ಲಿ ಕುಳಿತು, ಕೈಯೆಲ್ಲ ಕೊಳೆ ಮಾಡಿಕೊಂಡು, ನೀರು ನಿಲ್ಲಿಸು ಎಂದು ತನ್ನನ್ನು ಕೂಗುತ್ತಿದ್ದುದು ಅವಳಿಗೆ ನೆನಪಾಯಿತು. ಆ ಕೂಗು ಇನ್ನೊಮ್ಮೆ ಕೇಳಿದರೆ ಸಾಕು ಅನ್ನಿಸಿತು. ಅವಳು ನಟ್ಟನ್ನು ಹಿಡಿದುಕೊಂಡು ಅತ್ತಳು.

"ಪಾಪ, ಒಳಗೊಂದು ರಾಡ್ ಇದೆಯೆಂದು ಆಕೆಗೆ ಗೊತ್ತಿರಲಿಲ್ಲ," ಎಂದ ಮಹಾಲಿಂಗ.

ಗುರುಗಳು ಹೇಳಿದರು: "ಆಕೆಗೆ ಗೊತ್ತಿರಲಿಲ್ಲ, ಆದರೆ ಹಿಂದಿನ ಗುರುಗಳು ವರ್ಷ ವರ್ಷವೂ ಆ ಗಂಟು ಬಿಚ್ಚಿ ಓಲೆಗಳಿಗೆ ಎಣ್ಣೆ ಸವರುವಾಗ ಬಟ್ಟಲು ಹಿಡಿದು ಕೂರುತ್ತಿದ್ದವನು ನೀನೇ ಅಲ್ಲವೇ?"