ಬ್ರೇಕಿಗೆ ಗಾಳಿ

“ಅಜ್ಜಾರ, ಸಿಟ್ಟು ತಡಕೊಂಡಷ್ಟೂ ಒಳಗ ಯಾಕ ಹೆಚ್ಚು ಸುಡತೈತಿ?” ಎಂದು ಗಾದಿಲಿಂಗ ಕೇಳಿದ.

ಗಾದಿಲಿಂಗ ಮಠದ ದಾಸೋಹದಲ್ಲಿ ಬಡಿಸುವವನು. ಸಾರಿಗೆ ಉಪ್ಪಿಲ್ಲ ಎಂದು ಗೊಣಗುವವರು, ಉಂಡೆದ್ದು ಮತ್ತೆ ಸಾಲಿಗೆ ಬಂದು ಕೂರುವವರು, ಎಲೆ ತುಂಬ ಹಾಕಿಸಿಕೊಂಡು ಬಿಟ್ಟು ಏಳುವವರು, ಎಲ್ಲರನ್ನೂ ಸಹಿಸುತ್ತಿದ್ದ. ಸಿಟ್ಟು ನುಂಗಿದ ದಿನ, ಸಾಧನೆ ಇನ್ನಷ್ಟು ಗಟ್ಟಿಯಾಗಲಿ ಎಂದು ತನ್ನ ಊಟವನ್ನೂ ಬಿಡುತ್ತಿದ್ದ. ಆ ದಿನವೂ ಮುಂಜಾನೆಯಿಂದ ಏನೂ ತಿಂದಿರಲಿಲ್ಲ. ಆದರೆ ಇನ್ನೊಂದಿಷ್ಟು ಅನ್ನ ಹಾಕು ಎಂದ ಮುದುಕನ ಮೇಲೆ ಸೌಟು ಎತ್ತಿಬಿಟ್ಟಿದ್ದ. ಹೊಡೆಯಲಿಲ್ಲ. ಕೈ ಹೇಗೋ ನಿಂತಿತು. ಆದರೆ ಇನ್ನು ತಾನು ಮಠಕ್ಕೆ ಯೋಗ್ಯನಲ್ಲ ಎಂದುಕೊಂಡು, ಬಟ್ಟೆಯ ಗಂಟು ಕಟ್ಟಿ, ಹೇಳಿಹೋಗಲು ಬಂದಿದ್ದ.

ಮಠದ ಹಿರಿಯರಾದ ಮಹಾಂತಜ್ಜನವರು ಗಂಟನ್ನು ಒಮ್ಮೆ ನೋಡಿದರು. “ಹೋಗೋದು ಇದ್ದದ್ದ ಐತಿ. ಮೊದಲು ಕುಂದ್ರು,” ಎಂದರು. ಅವನು ಕುಳಿತ ಮೇಲೆ ಕತೆ ಶುರು ಮಾಡಿದರು.

ಒಂದು ಗುಡ್ಡ. ಗುಡ್ಡದ ಮೇಲೆ ಅದಿರಿನ ಗಣಿ, ಬುಡದಲ್ಲಿ ಊರು. ಒಬ್ಬ ಚಾಲಕ ಖಾಲಿ ಲಾರಿ ಹತ್ತಿಸಿ, ತುಂಬಿದ ಲಾರಿ ಇಳಿಸುತ್ತಿದ್ದ. ಹತ್ತಿಸುವುದು ಯಾರಿಗಾದರೂ ಆದೀತು. ಇಳಿಸುವುದೇ ಕಷ್ಟ. ಬ್ರೇಕು ಒತ್ತಿ ಒತ್ತಿ ಅರ್ಧ ದಾರಿಗೇ ಗಾಲಿಯಿಂದ ಹೊಗೆ ಏಳುತ್ತಿತ್ತು. ಆ ದಾರಿಯ ಚಾಲಕರಿಗೆ ಒಂದು ರೂಢಿ. ಲಾರಿ ನಿಲ್ಲಿಸಿ ಕಾದ ಬ್ರೇಕಿನ ಮೇಲೆ ಕೊಡದಿಂದ ನೀರು ಸುರಿಯುತ್ತಿದ್ದರು. ಸುಡುವ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡದೆ ಇನ್ನೇನು? ಸಮಾಧಾನ ಹೇಳಲು ಓಡಿ ಬರುವ ಮಂದಿಯೂ ಕೆಲವೊಮ್ಮೆ ಇದನ್ನೇ ಮಾಡುತ್ತಾರೆ. ಅದಿರಲಿ.

ಒಮ್ಮೆ ಮಾಲೀಕ ಕರೆಂಟಿನ ಲಾರಿ ತಂದ. ಇಳಿಜಾರಿನಲ್ಲಿ ಅದರ ಗಾಲಿ ಉರುಳುವ ರಭಸವೇ ಕರೆಂಟಾಗಿ ಬ್ಯಾಟರಿಗೆ ಹೋಗುತ್ತಿತ್ತು. ರಭಸ ಹಾಗೆ ಕಳೆಯುವುದರಿಂದ ಲಾರಿ ತಾನಾಗಿ ನಿಧಾನವಾಗುತ್ತಿತ್ತು. ಬ್ರೇಕಿಗೆ ಕೆಲಸ ಕಡಿಮೆಯಾಯಿತು. ಖಾಲಿ ಹತ್ತುವಾಗ ಖರ್ಚಾದದ್ದಕ್ಕಿಂತ, ಭಾರ ಹೊತ್ತು ಇಳಿಯುವಾಗ ಬಂದದ್ದೇ ಹೆಚ್ಚಾಗಿರುತ್ತಿತ್ತು.

ಇದನ್ನು ಕಂಡು ಚಾಲಕನಿಗೆ ಹುಚ್ಚು ಹಿಡಿಯಿತು. ಬ್ಯಾಟರಿಯ ಅಂಕಿ ಏರುವುದನ್ನು ನೋಡುವುದೇ ಅವನ ಪೂಜೆಯಾಯಿತು. ಅದು ಚೂರೂ ಇಳಿಯಬಾರದೆಂದು ಉರಿ ಬಿಸಿಲಿನಲ್ಲೂ ತನ್ನ ತಲೆಯ ಮೇಲಿನ ಫ್ಯಾನು ಹಾಕುತ್ತಿರಲಿಲ್ಲ. ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿ ಇಳಿದು ಬಂದು, ಎಷ್ಟು ಉಳಿಸಿದ್ದೇನೆ ನೋಡಿ ಎಂದು ಕಂಡವರಿಗೆಲ್ಲ ತೋರಿಸುತ್ತಿದ್ದ. ಅಷ್ಟೂ ಸಾಲದೆಂದು, ಗುಡ್ಡದ ಮೇಲೆ ಅದಿರು ತುಂಬುವ ಹೊತ್ತಿನಲ್ಲಿ ಗಣಿಯ ಕರೆಂಟಿಗೂ ಲಾರಿಯನ್ನು ಸಿಕ್ಕಿಸಿಡುತ್ತಿದ್ದ. ಇಂಥ ಜಾಣರು ಲಾರಿಯಲ್ಲಷ್ಟೇ ಇರುತ್ತಾರೆ ಎಂದುಕೊಳ್ಳಬೇಡ.

ಒಂದು ದಿನ ಬ್ಯಾಟರಿ ಗುಡ್ಡದ ಮೇಲೆಯೇ ಪೂರ್ತಿ ತುಂಬಿತು. ಚಾಲಕ ಹಾಡಿಕೊಳ್ಳುತ್ತ ಇಳಿಯತೊಡಗಿದ. ತುಂಬಿದ ಬ್ಯಾಟರಿ ಇನ್ನು ಬೇಡ ಎಂದಿತು. ಗಾಲಿಯ ರಭಸಕ್ಕೆ ಹೋಗಲು ಜಾಗವಿಲ್ಲ. ಅಷ್ಟೂ ಭಾರ ಬ್ರೇಕಿನ ಮೇಲೆ ಬಿತ್ತು. ಮೊದಲು ಸುಟ್ಟ ವಾಸನೆ ಬಂತು, ಆಮೇಲೆ ಹೊಗೆ. ಕಡೆಯ ತಿರುವಿನಲ್ಲಿ ಎಷ್ಟು ಒತ್ತಿದರೂ ಬ್ರೇಕು ಹಿಡಿಯಲಿಲ್ಲ. ಎದುರಿಗೆ ಊರಿನ ಸಂತೆ, ಸಂತೆಯ ತುಂಬ ಜನ. ಅವನು ಕಣ್ಣು ಮುಚ್ಚಿ ಲಾರಿಯನ್ನು ಪಕ್ಕದ ಮಣ್ಣಿನ ದಿಬ್ಬಕ್ಕೆ ತಿರುಗಿಸಿದ. ಮೂತಿ ಮಣ್ಣಿನಲ್ಲಿ ಹೂತು ಲಾರಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಅವನ ಹಣೆಗೆ ಮಾತ್ರ ಸಣ್ಣ ಗಾಯ. ದೇವರು ದೊಡ್ಡವನು ಎಂದು ಸಂತೆಯವರು ಅವನಿಗೆ ನೀರು ಕುಡಿಸಿ ಕಳಿಸಿದರು.

ಹಣೆಯ ಗಾಯ ಮಾಯಿತು. ಕಾಲಿನೊಳಗೆ ಹೊಕ್ಕ ಭಯ ಹೋಗಲಿಲ್ಲ. ಸೀಟಿನ ಮೇಲೆ ಕುಳಿತರೆ ಸಾಕು, ಬಲಗಾಲು ಗಡಗಡ ನಡುಗುತ್ತಿತ್ತು. ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಆದರೂ ಲಾರಿಯ ಸಹವಾಸ ಸಾಕು ಎಂದು ನಿಶ್ಚಯಿಸಿ, ಕೀಲಿ ಕೊಟ್ಟುಬಿಡಲು, ಲಾರಿ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕನ ಬಳಿಗೆ ಹೋದ.

“ಬ್ರೇಕು ಮೋಸ ಮಾಡ್ತಣ್ಣ. ಇನ್ನ ನನ್ನ ಕೈಲಿ ಆಗಂಗಿಲ್ಲ,” ಎಂದ.

ಮೆಕ್ಯಾನಿಕ್ ಗಾಲಿ ಬಿಚ್ಚಿ ನೋಡಿದ. “ಬ್ರೇಕಿಗೆ ಬೈಬ್ಯಾಡ. ಸುಟ್ಟು ಕರಕಲಾಗೋ ಮಟ ಹಿಡಕೊಂಡೈತಿ ಅದು. ಬಂದ ಕರೆಂಟೆಲ್ಲಾ ಬ್ಯಾಟರಿಗೆ ತುಂಬಿದಿ, ಬಿಸಿ ಎಲ್ಲಾ ಇದಕ್ಕ ಬಿಟ್ಟಿ. ಎಷ್ಟಂತ ತಾಳತೈತಿ?” ಎಂದ.

ಹೀಗೆ ಹೇಳಿ ಅವನು ಹೊಸ ಬ್ರೇಕು ಹಾಕಿದ. ಪ್ರತಿ ಗಾಲಿಯ ಪಕ್ಕದಲ್ಲೂ ಒಂದು ಫ್ಯಾನು ಕೂರಿಸಿದ. ಇಳಿಯುವಾಗ ಹುಟ್ಟುವ ಕರೆಂಟು ಮೊದಲು ಆ ಫ್ಯಾನುಗಳಿಗೆ ಹೋಗಿ ಬ್ರೇಕಿಗೆ ಗಾಳಿ ಬೀಸಬೇಕು, ಮಿಕ್ಕದ್ದು ಬ್ಯಾಟರಿಗೆ, ಹಾಗೆ ವೈರು ಎಳೆದ. ಬ್ಯಾಟರಿಯಲ್ಲಿ ಜಾಗ ಇಟ್ಟುಕೊಂಡೇ ಗುಡ್ಡ ಇಳಿಯಬೇಕೆಂದು ತಾಕೀತು ಮಾಡಿದ. ದುಡಿದು ಉಳಿಸಿದ ಕರೆಂಟು ಬರೀ ಗಾಳಿಗೆ ಹೋಯಿತಲ್ಲ ಎಂದು ಚಾಲಕ ಪೇಚಾಡಿದ. ಜೀವದ ಭಯದಲ್ಲಿದ್ದವನಿಗೂ ಅಷ್ಟು ಲೆಕ್ಕಾಚಾರ!

ಮೆಕ್ಯಾನಿಕ್ ಅವನ ಪಕ್ಕದಲ್ಲೇ ಕುಳಿತ. ಚಾಲಕ ಅಳುಕುತ್ತಲೇ ತುಂಬಿದ ಲಾರಿಯನ್ನು ಇಳಿಜಾರಿಗೆ ಬಿಟ್ಟ. ಗಾಲಿಗಳ ಬಳಿ ಫ್ಯಾನುಗಳು ಗುಂಯ್ ಎಂದವು. ಇಳಿಜಾರು ಕಡಿದಾದಂತೆ ಅವು ಇನ್ನೂ ಜೋರಾಗಿ ತಿರುಗಿದವು. ಲಾರಿಯನ್ನು ಕೆಳಕ್ಕೆ ನೂಕುವ ಅದೇ ಬಲ ಈಗ ಬ್ರೇಕಿಗೆ ಗಾಳಿ ಬೀಸುತ್ತಿತ್ತು. ಕಡೆಯ ತಿರುವು ಬಂತು. ಅವನು ಬ್ರೇಕು ಒತ್ತಿದ. ಹಿಡಿಯಿತು. ಲಾರಿ ಸಂತೆಯ ಬಯಲಿಗೆ ಇನ್ನೂ ದೂರವಿರುವಾಗಲೇ ನಿಂತಿತು.

ಚಾಲಕ ಇಳಿದು ಗಾಲಿಯ ಬಳಿ ಕುಕ್ಕರಗಾಲಲ್ಲಿ ಕುಳಿತ. ಹೊಗೆ ಇಲ್ಲ, ವಾಸನೆ ಇಲ್ಲ. ಕೈ ತಿರುವಿ, ಅದರ ಹಿಂಬದಿಯಿಂದ ಹೆದರುತ್ತ ಮುಟ್ಟಿದ. ಕುಡಿದಿಟ್ಟ ಚಹಾದ ಲೋಟದಷ್ಟು ಬೆಚ್ಚಗಿತ್ತು, ಅಷ್ಟೇ. ಅವನಿಗೆ ನಗು ಬಂತು. ನಗುತ್ತ ನಗುತ್ತ ಅತ್ತುಬಿಟ್ಟ. ಬದುಕಿದೆ ಎನ್ನಿಸಿತು, ಎದೆಯ ಮೇಲಿನ ಭಾರ ಇಳಿದುಹೋಯಿತು. ಎದ್ದು ನಿಂತಾಗ ಬಲಗಾಲು ನಡುಗಲಿಲ್ಲ. ಆ ದಿನ ಬ್ಯಾಟರಿಯ ಅಂಕಿ ಎಷ್ಟಿತ್ತೆಂದು ಅವನು ನೋಡಲೇ ಇಲ್ಲ. ಮತ್ತೆ ಗುಡ್ಡ ಹತ್ತುವಾಗ ತನ್ನ ತಲೆಯ ಮೇಲಿನ ಫ್ಯಾನನ್ನೂ ಹಾಕಿಕೊಂಡ.

ಅಜ್ಜನವರು ಕತೆ ನಿಲ್ಲಿಸಿದರು.

ಗಾದಿಲಿಂಗ ತನ್ನ ಬಲಗೈಯನ್ನೇ ನೋಡಿಕೊಂಡ. “ನನ್ನ ಕೈನೂ ನಿಂತಿತ್ತಲ್ರಿ, ಅಜ್ಜಾರ. ಸೌಟು ಎತ್ತಿದ್ರೂ ನಿಂತಿತ್ತು,” ಎಂದ. ತಾನು ಕೆಟ್ಟವನಲ್ಲ, ದಣಿದವನು ಎಂದು ಮೊದಲ ಸಲ ಅನ್ನಿಸಿ ಮೈಯೆಲ್ಲ ಹಗುರವಾಯಿತು. ಗಂಟನ್ನು ಬಿಚ್ಚಿದ. ಬಿಚ್ಚುತ್ತಲೇ ಹುಮ್ಮಸ್ಸು ಬಂದು, “ನಾ ಎಲ್ಲೂ ಹೋಗಂಗಿಲ್ರಿ. ಮುದುಕನ ಮ್ಯಾಲೆ ಸೌಟು ಎತ್ತಿದ್ದಕ್ಕ ನಾಳೆ ಪೂರಾ ಉಪಾಸ ಇರ್ತೀನ್ರಿ,” ಎಂದ.

ಅಜ್ಜನವರು ಹಣೆ ಚಚ್ಚಿಕೊಂಡು ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು:

“ಊರಿಗೆಲ್ಲಾ ಬಡಿಸ್ತಿ, ಸಿಟ್ಟು ತಡದಾವ ಮುಂಜಾನಿಂದ ಹಸದು ಕುಂತಾನಲ್ಲೋ, ಅವಗ ಯಾವಾಗ ಬಡಿಸ್ತಿ?”