ಮಗ್ಗುಲಹಳ್ಳ

ಪಡುವಣ ಬಯಲಿನಲ್ಲಿ ನೆಟ್ಟಗೆ ಹರಿದುಬರುವ ಮಗ್ಗುಲಹಳ್ಳ, ಬೈರಿಹಟ್ಟಿಯ ಹತ್ತಿರ ಇದ್ದಕ್ಕಿದ್ದಂತೆ ದಕ್ಷಿಣಕ್ಕೆ ಹೊರಳಿ ಊರನ್ನು ತೋಳಿನಲ್ಲಿ ಬಳಸಿಕೊಂಡಂತೆ ಸುತ್ತಿ ಹೋಗುತ್ತದೆ. ಊರಿನ ಉತ್ತರಕ್ಕೆ ಅದರ ಹಳೆಯ ಪಾತ್ರವಿದೆ, ಬರೀ ಮರಳು. ಬೆಳಗಿನ ಮಂಜಿನಲ್ಲಿ ಅಲ್ಲಿ ಇನ್ನೂ ನೀರು ಹರಿಯುತ್ತಿದೆಯೇನೋ ಎನಿಸುತ್ತದೆ. ಮಲಗಿದ್ದ ಹಳ್ಳ ನಿದ್ದೆಯಲ್ಲಿ ಮಗ್ಗುಲು ಬದಲಿಸಿತು ಎನ್ನುತ್ತಾರೆ.

ಹಿಂದೆ ಒಮ್ಮೆ ಈ ನಾಡು ಕಾಡು ಕಡಿಯುತ್ತ ಪಡುವಣಕ್ಕೆ ಬೆಳೆಯುತ್ತಿತ್ತಂತೆ. ಹೊಸ ನೆಲದ ಜೊತೆ ಹೊಸ ಜಗಳವೂ ಹುಟ್ಟಿತು. ದಕ್ಷಿಣದ ಕೊಟ್ರೇನಾಯಕ, ಕೊಂಡು ತಂದ ಜೀತದಾಳುಗಳಿಂದಲೇ ಅದನ್ನು ಉಳುಮೆ ಮಾಡಿಸಬೇಕೆಂದ. ಉತ್ತರದ ಹಾಲಪ್ಪನಾಯಕ, ಮನುಷ್ಯರನ್ನು ಕೊಳ್ಳುವುದೇ ಕೂಡದೆಂದ. ನಾಡು ಒಡೆಯಬಾರದೆಂದು ಹಿರಿಯರು ರಾಜಿ ಮಾಡಿಸಿದರು: ಹಳ್ಳವೇ ಗೆರೆ, ಅದರ ದಕ್ಷಿಣಕ್ಕೆ ಜೀತವಿರಲಿ, ಉತ್ತರಕ್ಕೆ ಬೇಡ, ಆದರೆ ದಾಟಿ ಓಡಿಬಂದವರನ್ನು ಹಿಡಿದು ಒಡೆಯನಿಗೆ ಒಪ್ಪಿಸಬೇಕು. ನಾಯಕರಿಬ್ಬರೂ ವೀಳ್ಯ ಬದಲಿಸಿಕೊಂಡರು.

ದಕ್ಷಿಣ ದಂಡೆಯ ಆಳುಗಳ ಹಟ್ಟಿಯಲ್ಲಿ ಬೈರಿ ಎಂಬಾಕೆ ಇದ್ದಳು, ಅವಳಿಗೊಬ್ಬ ಪುಟ್ಟ ಮಗಳು. ಅವಳ ಗಂಡ ಕೆಂಚ ಹಳ್ಳ ದಾಟಿ ಓಡಿದಾಗ, ಉತ್ತರದವರೇ ಅವನ ಕೈಗೆ ಹಗ್ಗ ಬಿಗಿದು ತಂದು ಒಪ್ಪಿಸಿದರು. ಬೈರಿ ಹಾಲಪ್ಪನಾಯಕನ ಕುದುರೆಗೆ ಅಡ್ಡ ನಿಂತಳು.

"ಒಡೆಯಾ, ಈ ಹಳ್ಳ ನಮ್ಮ ಹಟ್ಟಿಯ ಆಚೆಗೆ ಹರಿದಿದ್ದರೆ ನಾವು ಯಾರ ಆಳು?"

"ಯಾರ ಆಳೂ ಅಲ್ಲವ್ವ," ಎಂದ ನಾಯಕ, ಮುಖ ತಿರುಗಿಸಿ. "ಏನು ಮಾಡಲಿ, ಮಾತು ಕೊಟ್ಟಿದ್ದೇನೆ."

ಆ ಮಾತು ಬೈರಿಯ ಎದೆಯಲ್ಲಿ ಉಳಿಯಿತು. ಕೊಟ್ರೇನಾಯಕನ ಕಬ್ಬಿನ ಗದ್ದೆಗೆಂದು ಹಟ್ಟಿಯವರು ತಮ್ಮ ಹಟ್ಟಿಯ ದಕ್ಷಿಣಕ್ಕೆ ಆಳವಾದ ಕಾಲುವೆ ತೋಡುತ್ತಿದ್ದರು. ಕಾಲುವೆಗೂ ಹಳ್ಳಕ್ಕೂ ನಡುವೆ ಉಳಿದಿದ್ದು ಒಂದು ಮಣ್ಣಿನ ಒಡ್ಡು ಮಾತ್ರ. ಅದನ್ನು ಒಡೆದರೆ ಹಳ್ಳ ಹಟ್ಟಿಯ ಆಚೆಗೆ ಹರಿಯುತ್ತಿತ್ತು. ಆದರೆ ಕೆಂಚನನ್ನು ಕಟ್ಟಿಹಾಕಿದ್ದ ನಾಯಕನ ಕೊಟ್ಟಿಗೆ ಕಾಲುವೆಯ ಆಚೆಗಿತ್ತು. ಅಂಬಲಿ ಕೊಡುವ ನೆಪದಲ್ಲಿ ಹೋಗಿ ಅವಳು ಎಲ್ಲವನ್ನೂ ಹೇಳಿದಳು.

"ನೀನು ಈ ಕಡೆಯೇ ಉಳೀತೀಯಲ್ಲೋ," ಎಂದು ಅತ್ತಳು.

"ಮಗಳು ಆ ಕಡೆ ಇರ್ತಾಳಲ್ಲ. ಒಡ್ಡು ಒಡಿ," ಎಂದ ಕೆಂಚ.

ಹಳ್ಳಕ್ಕೆ ನೆರೆ ಬಂದ ಮುಂಜಾನೆ ಬೈರಿ ಮೊದಲ ಗುದ್ದಲಿ ಹಾಕಿದಳು. ಹಟ್ಟಿಯೆಲ್ಲ ಅವಳ ಜೊತೆ ನಿಂತಿತು. ಕೆಂಪು ನೀರು ಯೋಚಿಸುವಂತೆ ಒಂದು ಗಳಿಗೆ ತಡೆದು, ಮೆಲ್ಲಗೆ ಹೊರಳಿತಂತೆ. ದಂಡು ಕಟ್ಟಿಕೊಂಡು ಬಂದ ಕೊಟ್ರೇನಾಯಕನಿಗೆ ಹೊಸ ದಂಡೆಯ ಮೇಲೆ ಹಾಲಪ್ಪನಾಯಕ ಎದುರಾದ.

"ಹಳ್ಳವೇ ಗೆರೆ ಎಂದು ಒಪ್ಪಿದವರು ನಾವೇ. ನನ್ನ ಮಾತು ನಾನು ಉಳಿಸಿಕೊಂಡೆ. ಇನ್ನು ನಿನ್ನದು."

ದಂಡು ಹಿಂದಿರುಗಿತು. ಕೆಂಚನನ್ನು ಮಾತ್ರ ದೂರದ ಮೂಡಲ ಸೀಮೆಗೆ ಮಾರಿಬಿಟ್ಟರು. ಬೈರಿ ಮುದುಕಿಯಾಗುವ ತನಕ ಸಂಜೆಯಾದರೆ ದಂಡೆಗೆ ಬಂದು ಆಚೆಗೆ ಕಿವಿಗೊಟ್ಟು ಕೂರುತ್ತಿದ್ದಳು. ಕೂಗು ಬರಲಿಲ್ಲ.

ಈಗ ಅಲ್ಲಿ ಸೇತುವೆಯಾಗಿದೆ. ಆದರೂ ದಕ್ಷಿಣ ದಂಡೆಯಿಂದ ಯಾರಾದರೂ ಕೂಗಿದರೆ, ಹಟ್ಟಿಯವರು ಉಣ್ಣುತ್ತಿದ್ದ ತಟ್ಟೆ ಬಿಟ್ಟು ನೀರಿಗಿಳಿದು, ಹೆಸರು ಕೂಡ ಕೇಳದೆ, ಕೈಹಿಡಿದು ದಾಟಿಸುವುದನ್ನು ಬಂದವರೆಲ್ಲ ನೋಡುತ್ತಾರೆ.