ಮನೆ ಅಳಿಯನ ಗಾಜಿನ ತೊರೆ

“ಗುರುಗಳೇ, ತಂದದ್ದೆಲ್ಲ ಉದುರಿಹೋಯಿತು, ಹೊಸದು ಏನೂ ಚಿಗುರಲಿಲ್ಲ. ಹೀಗಿರುವಾಗ ಮನುಷ್ಯ ತನ್ನ ಊರಿಗೆ ಹಿಂದಿರುಗುವುದು ತಪ್ಪೇ?”

ಕೇಳಿದವನು ಹಂಪಯ್ಯ. ಅವನು ದೂರದ ನಾಡಿನಿಂದ ಮಠಕ್ಕೆ ಬಂದವನು. ಬರುವಾಗ ಅವನ ಕೊರಳಿನಲ್ಲಿ ತನ್ನ ಸೀಮೆಯ ಹಾಡುಗಳಿದ್ದವು. ಇಲ್ಲಿ ಅವನ್ನು ಕೇಳಿ ತಲೆದೂಗುವವರಿರಲಿಲ್ಲ. ಒಂದೊಂದಾಗಿ ಮರೆತುಹೋದವು. ಇಲ್ಲಿಯ ಪಾಠ ಇನ್ನೂ ನಾಲಿಗೆಗೆ ಹತ್ತಿರಲಿಲ್ಲ. ಅಂದು ಅವನು ಬಟ್ಟೆಯ ಗಂಟು ಕಟ್ಟಿ, ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದ. ಸಂಜೆಯ ಬಸ್ಸಿಗೆ ಹೊರಡುವವನಿದ್ದ.

ಗುರುಗಳು ಜಗಲಿಯ ಮೇಲೆ ಮೆಂತ್ಯಸೊಪ್ಪು ಸೋಸುತ್ತಿದ್ದರು.

“ಬಸ್ಸಿಗೆ ಇನ್ನೂ ಹೊತ್ತಿದೆ. ಕೂತುಕೋ. ಆ ಕಂತೆ ನೀನು ತೆಗೆದುಕೋ,” ಎಂದರು.

ಹಂಪಯ್ಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಸೊಪ್ಪಿಗೆ ಕೈ ಹಾಕಿದ. ಗುರುಗಳು ಈ ಕತೆ ಹೇಳಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ಗಾಜಿನ ವ್ಯಾಪಾರಿ ಇದ್ದ. ಕನ್ನಡಿ ಮಾರುವುದು, ದೇವರ ಪಟಕ್ಕೆ ಚೌಕಟ್ಟು ಹಾಕುವುದು ಅವನ ಕಸುಬು. ಅವನಿಗೆ ಒಬ್ಬಳೇ ಮಗಳು. ಮಗಳನ್ನು ಕಳಿಸಿಕೊಡಲು ಮನಸ್ಸು ಬಾರದೆ ಅಳಿಯನನ್ನೇ ಮನೆಗೆ ತಂದುಕೊಂಡ.

ಅಳಿಯ ತೊರೆಯ ದಡದ ಊರಿನವನು. ಮೀನಿನ ಹಾಗೆ ಈಜುತ್ತಿದ್ದ. ಈ ಊರಿನಲ್ಲಿ ಇದ್ದದ್ದು ಬಾವಿ ಮಾತ್ರ, ಅದರ ನೀರಿನಲ್ಲಿ ಬೇಳೆ ಬೇಯುವುದೂ ತಡ. ಅವನು ಹಗಲೆಲ್ಲ ಅಂಗಡಿಯಲ್ಲಿ ಗಾಜು ಕೊಯ್ಯುತ್ತಿದ್ದ. ಕೇರಿಯವರು ಸುಮ್ಮನಿರುತ್ತಾರೆಯೇ? “ಮಾವನ ಮನೆಯೆಂದರೆ ಗಾಜಿದ್ದ ಹಾಗಪ್ಪ, ಮೆಲ್ಲಗೆ ಕಾಲಿಡು,” ಎನ್ನುತ್ತಿದ್ದರು. ಅವನೂ ನಗುತ್ತಿದ್ದ. ಆದರೆ ಊಟಕ್ಕೆ ಕೂತರೆ ಅನ್ನ ಎಲೆಯಲ್ಲೇ ಉಳಿಯುತ್ತಿತ್ತು.

ಅತ್ತೆ ಅದನ್ನು ನೋಡುತ್ತಿದ್ದಳು. ಆದರೆ ಆ ಮನೆತನದಲ್ಲಿ ಅತ್ತೆ ಅಳಿಯನೊಡನೆ ನೇರವಾಗಿ ಮಾತಾಡುವ ರೂಢಿ ಇರಲಿಲ್ಲ. ಹೇಳಬೇಕಾದದ್ದನ್ನು ಮಗಳಿಗೆ ಹೇಳುವಳು. ಮಗಳು ಇಲ್ಲದಿದ್ದರೆ ನಡುಮನೆಯ ಕಂಬಕ್ಕೆ ಹೇಳುವಳು. “ಕಂಬವೇ, ಇನ್ನೊಂದು ತುತ್ತು ಅನ್ನ ಹಾಕಿಸಿಕೊಂಡರೆ ಯಾರ ಗಂಟು ಹೋಗುತ್ತದೆ?” ಎನ್ನುವಳು. ಅಳಿಯ ಕಂಬಕ್ಕೇ ಉತ್ತರ ಕೊಡುವನು, “ಸಾಕಾಯಿತು ಕಂಬವೇ.” ಹೀಗೆ ಅವರಿಬ್ಬರ ಮಾತುಕತೆ ಕಂಬದ ಮೂಲಕ ನಡೆಯುತ್ತಿತ್ತು.

ಒಂದು ದಿನ ಅಳಿಯನಿಗೆ ಒಂದು ಯೋಚನೆ ಬಂತು. ತೊರೆಯ ಬಳಿ ಹೋಗಿ ತಾನು ನೆಲೆಸುವಂತಿಲ್ಲ. ತೊರೆಯ ಒಂದು ಗೇಣನ್ನು ಇಲ್ಲಿಗೆ ತಂದರೆ ಹೇಗೆ? ಅವನು ಐದು ಗಾಜಿನ ಹಲಗೆ ಕೊಯ್ದು, ಅಂಟು ಹಾಕಿ ಸೇರಿಸಿ, ನಡುಮನೆಯ ಕಿಟಕಿಯ ಹತ್ತಿರ ಒಂದು ತೊಟ್ಟಿ ಮಾಡಿದ.

ಮಾವ ಹೇಳಿದ, “ಗಾಜು ಮಾರಿ ಈ ಮನೆ ಕಟ್ಟಿದೆ. ನೀವು ಗಾಜಿಗೆ ನೀರು ತುಂಬಿ ಮನೆ ಮುಳುಗಿಸಿ, ಅಳಿಯಂದಿರೇ.” ಹೇಳಿದ್ದೇನೋ ಹಾಗೆ. ಗಾಜಿನ ಬೆಲೆಯನ್ನು ಮಾತ್ರ ಎತ್ತಲಿಲ್ಲ.

ಮಾವನ ಮಾತು ಫಲಿಸಿತು. ಮೊದಲ ಸಲ ನೀರು ತುಂಬಿದಾಗ ತೊಟ್ಟಿ ಸೋರಿ, ದೇವರ ಮುಂದಿನ ರಂಗೋಲಿ ಹೊಸಿಲಿನವರೆಗೆ ಹರಿಯಿತು. ಅತ್ತೆ ಸೀರೆ ಎತ್ತಿಕಟ್ಟಿ ನಿಂತು, “ಕಂಬವೇ, ಮಳೆ ಇಲ್ಲ ಮಳೆ ಇಲ್ಲ ಎನ್ನುತ್ತಿದ್ದೆಯಲ್ಲ. ನೋಡು, ನಡುಮನೆಗೇ ಬಂತು,” ಎಂದಳು. ಮಗಳು ನೆಲ ಒರೆಸುತ್ತ ನಕ್ಕಳು. ಅಳಿಯ ಮತ್ತೆ ಅಂಟು ಹಾಕಿದ.

ಅಂಗಡಿಗೆ ಗಾಜು ತರುವ ಲಾರಿ ಅವನ ಊರಿನ ಸೇತುವೆಯನ್ನು ದಾಟಿಯೇ ಬರುತ್ತಿತ್ತು. ಅವನು ಅದರಲ್ಲಿ ಹೋಗಿ ತೊರೆಯ ಮರಳು, ಒಂದು ಕಲ್ಲು, ನೀರಿನಲ್ಲಿ ಸವೆದ ಒಂದು ಮರದ ತುಂಡು ತಂದ. ದಡದಲ್ಲಿ ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ ನಿಂತಿದ್ದ ಅಗಲ ಎಲೆಯ ಒಂದು ಗಿಡವನ್ನೂ ತಂದ. ಮರಳನ್ನು ಕೆಸರು ಹೋಗುವವರೆಗೆ ತೊಳೆದ. ಮರದ ತುಂಡನ್ನು ಬಚ್ಚಲಿನ ಹಂಡೆಯಲ್ಲಿ ಕುದಿಸಿದ. ನೀರು ಕೆಂಪಾಯಿತು. “ಕಂಬವೇ, ಇವತ್ತು ಈ ಮನೆಯ ಯಜಮಾನರಿಗೆ ಚಹಾದಲ್ಲಿ ಸ್ನಾನವಂತೆ,” ಎಂದಳು ಅತ್ತೆ.

ಹೆಂಡತಿ ಕಲ್ಲನ್ನು ತೊಟ್ಟಿಯ ನಟ್ಟನಡುವೆ ಇಟ್ಟಳು.

“ಅಲ್ಲಿ ಬೇಡ. ತೊರೆ ಯಾವತ್ತೂ ಕಲ್ಲನ್ನು ನಡುವೆ ಇಡುವುದಿಲ್ಲ. ಒಂದು ಬದಿಗೆ ಸರಿಸಿ, ತಾನು ಹೋಗಲು ದಾರಿ ಮಾಡಿಕೊಳ್ಳುತ್ತದೆ,” ಎಂದು ಅವನು ಕಲ್ಲನ್ನು ಸರಿಸಿದ. ಮರದ ತುಂಡನ್ನು ಅದಕ್ಕೆ ಒರಗಿಸಿದ. ಕಲ್ಲಿನ ಬುಡದಲ್ಲಿ ಗಿಡ ನೆಟ್ಟ. ಮರಳು ಕದಡದಂತೆ ಒಂದು ತಟ್ಟೆ ಇಟ್ಟು, ತಟ್ಟೆಯ ಮೇಲೆ ಮೆಲ್ಲಗೆ ನೀರು ಸುರಿದ. ಕ್ಯಾನಿನಲ್ಲಿ ತಂದ ತೊರೆಯ ನೀರು ಅರ್ಧಕ್ಕೆ ಬಂತು. ಉಳಿದ ಅರ್ಧಕ್ಕೆ ಬಾವಿಯ ನೀರು.

ಕೇರಿಯವರು ನೋಡಲು ಬಂದರು. “ಮೀನೆಲ್ಲಿ?” ಎಂದರು.

“ಮೊದಲು ಗಿಡ ನೆಲೆಯಾಗಬೇಕು. ಅಲ್ಲಿಯವರೆಗೆ ನೀರು ಹಸಿ. ಹಸಿ ನೀರಿಗೆ ಮೀನು ಬಿಟ್ಟರೆ ಸಾಯುತ್ತದೆ.”

“ಅಯ್ಯೋ, ಚೌಕಟ್ಟು ಹಾಕುವವರ ಮನೆ ಅಲ್ಲವೇ? ನೀರಿಗೂ ಚೌಕಟ್ಟು ಹಾಕಿಸಿದ್ದಾರೆ,” ಎಂದು ನಕ್ಕು ಹೋದರು.

ಅವರು ಹೋದ ಮೇಲೆ ಅವನು ಹೆಂಡತಿಗೆ ಹೇಳಿದ, “ನೋಡು, ಈ ಗಿಡ ಇಲ್ಲಿ ಬದುಕಿದರೆ ನಾನೂ ಇಲ್ಲಿ ಬದುಕುತ್ತೇನೆ. ಇದು ಹೋದರೆ ನಾನೂ ಊರಿಗೆ ಹೋಗುತ್ತೇನೆ. ಬರುವುದಾದರೆ ನೀನೂ ಬಾ.”

ಅವಳು ನಕ್ಕಳು. ಅವನ ಮುಖ ನೋಡಿ ನಗು ನಿಲ್ಲಿಸಿದಳು.

ವಾರ ಕಳೆಯುವುದರೊಳಗೆ ಗಿಡದ ಎಲೆಗಳಲ್ಲಿ ತೂತು ಬಿದ್ದವು. ಒಂದು ಎಲೆ ಬೇಯಿಸಿದ ಸೊಪ್ಪಿನಂತೆ ಕರಗಿ ಬಿತ್ತು. ಬಾವಿಯ ನೀರು ಒಗ್ಗಲಿಲ್ಲ ಎಂದು ಹೆಂಡತಿ ಅಂದುಕೊಂಡಳು. ಲಾರಿಯವನ ಕೈಗೆ ಕ್ಯಾನು ಕೊಟ್ಟು, “ಅಣ್ಣಾ, ಸೇತುವೆಯ ಹತ್ತಿರ ನಿಲ್ಲಿಸಿ ನೀರು ತುಂಬಿಸಿಕೊಂಡು ಬಾ,” ಎಂದು ಬೇಡಿಕೊಂಡಳು. ಅವನು ತಂದ. ತೊಟ್ಟಿಯ ನೀರು ತೆಗೆದು ತೊರೆಯ ನೀರು ತುಂಬಿದಳು. ಮತ್ತೆರಡು ಎಲೆ ಕರಗಿದವು. ಲಾರಿ ತಡವಾದಾಗ ಬಾವಿಯ ನೀರು ಹಾಕಿದಳು. ಮತ್ತೆ ಒಂದು ಹೋಯಿತು. ಲಾರಿ ಬಂತು, ಮತ್ತೆ ತೊರೆಯ ನೀರು.

ಕೇರಿಗೆ ಹಬ್ಬವಾಯಿತು. ಲಾರಿಯ ಹಾರ್ನ್ ಕೇಳಿದರೆ ಸಾಕು, “ಬನ್ನಿರೇ, ಅಳಿಯನ ತವರಿನಿಂದ ನೀರು ಬಂತು!” ಎಂದು ಹೆಂಗಸರು ಕೂಗುತ್ತಿದ್ದರು. “ಮಡಿಲಕ್ಕಿ ಬರಲಿಲ್ಲವೇ?” ಎಂದು ಇನ್ನೊಬ್ಬಳು. ಅಳಿಯನ ಹೆಂಡತಿ ಯಾರ ಮಾತಿಗೂ ಜಗ್ಗದೆ ಕ್ಯಾನು ಇಳಿಸಿಕೊಳ್ಳುತ್ತಿದ್ದಳು.

ಗಿಡಕ್ಕೆ ಒಂದು ನೀರು ಒಗ್ಗುವಷ್ಟರಲ್ಲಿ ಇನ್ನೊಂದು ನೀರು ಬರುತ್ತಿತ್ತು. ಯಾವ ಊರಿನಲ್ಲಿ ಬದುಕಬೇಕೆಂದು ಪಾಪ ಅದಕ್ಕೇ ತಿಳಿಯಲಿಲ್ಲ.

ಕತೆ ಇಲ್ಲಿಗೆ ಬಂದಾಗ ಮಠದ ಅಂಗಳಕ್ಕೆ ಒಬ್ಬ ಅಜ್ಜಿ ಕೋಲೂರಿಕೊಂಡು ಬಂದಳು. ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿದ್ದಳು.

“ಹಂಪಯ್ಯಾ, ಇದ್ದೀಯೇನಪ್ಪಾ? ನಾಳೆ ಬೆಳಿಗ್ಗೆ ಕಣ್ಣಿಗೆ ಔಷಧಿ ಬಿಡೋಕೆ ಬರ್ತೀಯಲ್ಲ? ನನ್ನ ಸೊಸೆ ಬಿಟ್ಟರೆ ಅರ್ಧ ಕೆನ್ನೆಗೆ ಹೋಗುತ್ತೆ.”

“ಬರ್ತೀನಿ ಅಜ್ಜಿ. ತಲೆಗೆ ನೀರು ಹಾಕ್ಕೋಬೇಡ,” ಎಂದ ಹಂಪಯ್ಯ, ಸೊಪ್ಪಿನಿಂದ ತಲೆ ಎತ್ತದೆ.

ಅಜ್ಜಿ ಹೋದಳು. ಗುರುಗಳು ಅವನ ತೊಡೆಯ ಮೇಲಿದ್ದ ಗಂಟನ್ನು ಒಮ್ಮೆ ನೋಡಿ, ಕತೆ ಮುಂದುವರಿಸಿದರು.

ಆಮೇಲೆ ಘಟ್ಟದ ಕಡೆ ದೊಡ್ಡ ಮಳೆಯಾಯಿತು. ತೊರೆ ಉಕ್ಕಿ ಸೇತುವೆ ಮುಳುಗಿತು. ಲಾರಿ ಬೇರೆ ದಾರಿ ಹಿಡಿಯಿತು. ಇನ್ನು ತೊರೆಯ ನೀರಿಲ್ಲ. ಬಾವಿಯ ನೀರೇ ಗತಿ. ಉಳಿದಿದ್ದ ಎಲೆಗಳೂ ಕರಗಿದವು. ತೊಟ್ಟಿಯಲ್ಲಿ ಕಲ್ಲು, ಮರದ ತುಂಡು, ಮರಳಿನಿಂದ ಇಣುಕುವ ಒಂದು ಬೋಳು ಮೋಟು ಉಳಿಯಿತು.

ಅಳಿಯ ಯಾರನ್ನೂ ಬೈಯಲಿಲ್ಲ. ಸೇತುವೆಯ ಮೇಲಿನ ನೀರು ಇಳಿಯಿತೆಂದು ಸುದ್ದಿ ಬಂದಾಗ ಪೆಟ್ಟಿಗೆ ಹೊರಗಿಟ್ಟ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅವಳ ಕಣ್ಣು ಕೆಂಪಾಗಿದ್ದವು. ಅವಳು ಇನ್ನೂ ಪೆಟ್ಟಿಗೆ ಕಟ್ಟಿರಲಿಲ್ಲ. ಗಂಡನ ಹಿಂದೆ ಹೋಗುವುದೋ, ಹೆತ್ತವರ ಬಳಿ ಉಳಿಯುವುದೋ, ಅವಳಿಗೂ ತಿಳಿದಿರಲಿಲ್ಲ.

“ಇದನ್ನು ಕಿತ್ತುಕೊಂಡು ಹೋಗುತ್ತೇನೆ. ಎಲ್ಲಿಂದ ತಂದೆನೋ ಅಲ್ಲೇ ಹಾಕಿಬಿಡುತ್ತೇನೆ,” ಎಂದು ಅವನು ಅಂಗಿಯ ತೋಳು ಮಡಚಿ ತೊಟ್ಟಿಯೊಳಗೆ ಕೈ ಇಳಿಸಿದ. ಮೋಟನ್ನು ಹಿಡಿದು ಎಳೆದ.

ಅದು ಬರಲಿಲ್ಲ.

ಇನ್ನಷ್ಟು ಬಲವಾಗಿ ಎಳೆದ. ಮರಳು ಮೇಲೆದ್ದಿತು, ಕಲ್ಲು ವಾಲಿತು, ನೀರು ಕದಡಿತು, ಗಿಡ ಮಾತ್ರ ಬರಲಿಲ್ಲ. ಅವನು ಬಗ್ಗಿ ಗಾಜಿನ ಬದಿಯಿಂದ ನೋಡಿದ. ಮೇಲೆ ಎಲೆ ಕರಗುತ್ತಿದ್ದಷ್ಟು ದಿನವೂ ಕೆಳಗೆ ಬೇರು ಇಳಿಯುತ್ತಿತ್ತು. ಬಿಳಿಯ ಬೇರುಗಳು ಕಲ್ಲನ್ನು ಸುತ್ತಿ, ಮರಳನ್ನು ಅಪ್ಪಿ, ಗಾಜಿನ ಮೂಲೆಯವರೆಗೆ ಹೋಗಿದ್ದವು.

ಆಗ ಅತ್ತೆ ಬಾಗಿಲಿನಿಂದ ಈಚೆ ಬಂದಳು. ಕಂಬದ ಕಡೆ ನೋಡಲಿಲ್ಲ. ಮಗಳ ಕಡೆಯೂ ನೋಡಲಿಲ್ಲ. ಅವನ ಮುಖವನ್ನೇ ನೋಡಿ ಹೇಳಿದಳು, “ಕೈ ತೆಗೆಯಿರಿ ಅಳಿಯಂದಿರೇ. ಅದಕ್ಕೆ ಬರುವ ಮನಸ್ಸಿಲ್ಲ.”

ಅತ್ತೆಯ ಧ್ವನಿ ಇಷ್ಟು ಮೆತ್ತಗೆ ಇದೆಯೆಂದು ಅವನಿಗೆ ಅಂದೇ ತಿಳಿದದ್ದು. ಕಂಬದೊಡನೆ ಮಾತಾಡುವಾಗ ಅದು ಹಾಗಿರಲಿಲ್ಲ. ಅವನು ಕೈ ತೆಗೆದ. ನೀರು ತೊಟ್ಟಿಕ್ಕುವ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಅವಳು ತನ್ನ ಸೆರಗಿನ ತುದಿಯನ್ನು ಮುಂದೆ ಚಾಚಿದಳು. ಅವನು ಕೈ ಒರೆಸಿಕೊಂಡ. ಮಗಳು ಹೋಗಿ ಪೆಟ್ಟಿಗೆಯನ್ನು ಒಳಗಿಟ್ಟಳು.

ಆ ಮೇಲೆ ಅವರು ಬಾವಿಯ ನೀರನ್ನೇ ಹಾಕಿದರು, ಬೇರೆ ನೀರು ಹಾಕಲಿಲ್ಲ. ಒಂದು ಬೆಳಿಗ್ಗೆ ಮೋಟಿನಿಂದ ಒಂದು ಎಲೆ ತಲೆ ಹೊರಗೆ ಹಾಕಿತು. ಅದರ ಹಿಂದೆಯೇ ಇನ್ನೊಂದು. ಮೊದಲಿನ ಎಲೆಯಂತೆ ಅಗಲವಿಲ್ಲ, ಹಸಿರೂ ಇಲ್ಲ. ಸಪೂರವಾಗಿ, ತುದಿಯಲ್ಲಿ ಕೆಂಪಾಗಿ, ನೀರಿನಲ್ಲಿ ಬಳುಕುವಂಥದ್ದು. ಗಾಳಿಯಲ್ಲಿ ಬೆಳೆದ ಎಲೆಗೆ ಆ ಬಳುಕು ಬರುವುದಿಲ್ಲ.

“ಇದು ನಮ್ಮೂರಿನ ಎಲೆಯೇ ಅಲ್ಲ,” ಎಂದ ಅಳಿಯ.

“ಅಲ್ಲವೇ ಅಲ್ಲ. ಇದು ನಮ್ಮ ಬಾವಿಯ ಮೊಮ್ಮಗು,” ಎಂದಳು ಅತ್ತೆ. ಅವಳು ಈಗ ನಿಲ್ಲಿಸದೆ ಮಾತಾಡುತ್ತಿದ್ದಳು. ಇಷ್ಟು ದಿನ ಕಂಬಕ್ಕೆ ಹೇಳಿದ್ದನ್ನೆಲ್ಲ ಮೊದಲಿನಿಂದ ಅವನಿಗೆ ಹೇಳಬೇಕಿತ್ತಲ್ಲ.

ಮೀನು ತಂದವನು ಯಾರೆಂದುಕೊಂಡೆ? ಮಾವ! ಸಂತೆಯಿಂದ ಒಂದು ಗಾಜಿನ ಭರಣಿಯನ್ನು ಎದೆಗವಚಿಕೊಂಡು, ದಾರಿಯಲ್ಲಿ ಯಾರು ಮಾತಾಡಿಸಿದರೂ ನಿಲ್ಲದೆ, ತುಳುಕಿದ ನೀರಿನಲ್ಲಿ ಅಂಗಿ ತೊಯಿಸಿಕೊಂಡು ಬಂದ. ಭರಣಿಯಲ್ಲಿ ಉಗುರಿನಷ್ಟು ಪುಟ್ಟ ಮೀನುಗಳು. ಅಳಿಯ ಭರಣಿಯನ್ನು ಮೊದಲು ತೊಟ್ಟಿಯಲ್ಲಿ ತೇಲಿಬಿಟ್ಟ. ಸ್ವಲ್ಪ ಸ್ವಲ್ಪವಾಗಿ ತೊಟ್ಟಿಯ ನೀರನ್ನು ಅದಕ್ಕೆ ಸೇರಿಸಿದ. ಆಮೇಲೆ ಮೀನುಗಳನ್ನು ಬಿಟ್ಟ. ಅವು ಕಲ್ಲಿನ ಬದಿಯ ದಾರಿಯಲ್ಲಿ ಒಂದರ ಹಿಂದೆ ಒಂದು ಹೊರಟವು. ಎಲೆಯ ಮರೆಗೆ ಹೋಗಿ, ಈಚೆ ಬಂದು, ಮತ್ತೆ ಹೋದವು.

ಕೇರಿಯೆಲ್ಲ ಕಿಟಕಿಗೆ ಬಂತು. ಮಡಿಲಕ್ಕಿಯ ಮಾತಾಡಿದ್ದವಳು ಒಂದು ಹಿಡಿ ಅನ್ನ ತಂದು ತೊಟ್ಟಿಗೆ ಹಾಕಲು ಹೋದಳು. ಅತ್ತೆ ಅವಳ ಕೈ ಹಿಡಿದು, “ಅದಕ್ಕೆ ಬೇಡ ತಾಯಿ, ನೀರು ಕೆಡುತ್ತೆ. ಇವರಿಗೆ ಹಾಕು, ಇವರು ಈಗ ಚೆನ್ನಾಗಿ ಉಣ್ಣುತ್ತಾರೆ,” ಎಂದು ಅಳಿಯನನ್ನು ತೋರಿಸಿದಳು. ಕಿಟಕಿಯ ಒಳಗೂ ಹೊರಗೂ ನಗು ತುಂಬಿತು.

ಗುರುಗಳು ಕತೆ ನಿಲ್ಲಿಸಿದರು.

ಹಂಪಯ್ಯನೂ ನಗುತ್ತಿದ್ದ. ನಗು ಇಳಿದ ಮೇಲೆ ಕೇಳಿದ, “ಗುರುಗಳೇ, ಅವನು ತಂದ ಎಲೆಗಳಲ್ಲಿ ಒಂದಾದರೂ ಉಳಿಯಿತೇ?”

“ಒಂದೂ ಉಳಿಯಲಿಲ್ಲ.”

“ಹಾಗಾದರೆ ನಾನು ಇಲ್ಲೇ ಇರಬೇಕು ಎನ್ನುತ್ತೀರಾ?”

ಗುರುಗಳು ಸೋಸಿದ ಸೊಪ್ಪನ್ನು ಬುಟ್ಟಿಗೆ ತುಂಬಿ ಎದ್ದರು. ಕಂತೆಯೆಲ್ಲ ಮುಗಿದಿತ್ತು. ಬಸ್ಸು ಬರುವ ಹೊತ್ತಾಗಿತ್ತು.

“ನಾನೇನೂ ಹೇಳುವುದಿಲ್ಲ ಹಂಪಯ್ಯ. ನಿನ್ನನ್ನು ನೀನೇ ಒಮ್ಮೆ ಎಳೆದು ನೋಡು, ಬರುತ್ತೀಯೇನೋ.”

ನಾಳೆ ಬೆಳಿಗ್ಗೆ ಬರುತ್ತೇನೆಂದು ಅಜ್ಜಿಗೆ ಹೇಳಿದ್ದು ಹಂಪಯ್ಯನಿಗೆ ಆಗ ನೆನಪಾಯಿತು; ಅವನು ಗಂಟನ್ನು ತೊಡೆಯಿಂದ ಕೆಳಗಿಟ್ಟ.